ಬಿಸಿ ಮುಖದ ತಿದ್ದುಪಡಿ

ಉತ್ತರಕ್ರಿಯೆಗೆಂದು ಊರಿನಿಂದ ಬಂದಿದ್ದವರನ್ನೆಲ್ಲ ಮಂಗಳವಾರ ಠಾಣೆ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಆಗಿತ್ತು. ಬುಧವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಎಂದಿನಂತೆ ನಳದಲ್ಲಿ ನೀರು ಬಂತು. ರಮಿತಾ ಎಂದಿನಂತೆ ಡ್ರಮ್ಮು ತುಂಬಿಸಿದಳು, ಅಕ್ಕಿ ತೊಳೆದಳು, ಕುಕ್ಕರ್ ಇಟ್ಟಳು. ಗಂಡ ಯೋಗೀಶ ಸತ್ತು ಹದಿನೈದು ದಿನವಾಗಿತ್ತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಬರಬಹುದೆಂದು ಕಾಯುವುದನ್ನೂ ಅವಳು ಬಿಟ್ಟಿದ್ದಳು.

ಮಾವ ಗುರುವಪ್ಪ ಮಗ ಹೋದ ಮೇಲೆ ಅಂದು ಮೊದಲ ಸಲ ಡೊಂಬಿವಲಿ ಸ್ಟೇಷನ್ನಿನ ಬಳಿಯ ತಮ್ಮ ಹೋಟೆಲಿನ ಶಟರ್ ಎತ್ತಲು ಹೋಗಿದ್ದರು. ಅತ್ತೆ ದಮಯಂತಿ ಬಟ್ಟೆ ಒಣಹಾಕುತ್ತಾ ಎದುರು ಬಾಲ್ಕನಿಯ ಸುಲೋಚನಕ್ಕನೊಡನೆ ಮಾತಾಡುತ್ತಿದ್ದರು.

"ನಮ್ಮ ಯೋಗೀಶ ತೂಗಿದ್ದು ಉಂಟಲ್ಲ ಸುಲೋಚನಾ, ಅಷ್ಟು ಭಾರದ ನಕ್ಷತ್ರ ಇದುವರೆಗೆ ಯಾರೂ ತೂಗಿಲ್ಲವಂತೆ. ಆದಿತ್ಯವಾರ ಕನ್ನಡ ಸಂಘದ ಸಂತಾಪ ಸಭೆಯಲ್ಲಿ ಅದನ್ನೇ ಹೇಳುವುದು. ಪೇಪರಿನಲ್ಲೂ ಬರ್ತದೆ."

"ಸಂಘದಲ್ಲಿ ಅಕ್ಕಿ ತೂಗಲು ಕೂರಿಸಿದರೆ ಕಾಲು ಕಿಲೋ ಹೆಚ್ಚೇ ಕೊಡುತ್ತಿದ್ದ ಪಾಪ," ಎಂದರು ಸುಲೋಚನಕ್ಕ. ಇಬ್ಬರೂ ನಕ್ಕರು. ಆಮೇಲೆ ದಮಯಂತಿ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡರು.

ಒಂಬತ್ತಕ್ಕೆ ಫೋನ್ ಬಂತು. ಖಾರ್ಘರ್‌ನ ಸಂಶೋಧನಾ ಕೇಂದ್ರದಲ್ಲಿ ಯೋಗೀಶನ ತಂಡಕ್ಕೆ ಮುಖ್ಯಸ್ಥರಾದ ಕಶ್ಯಪ, ಬೆಂಗಳೂರಿನವರು.

"ರಮಿತಾ ಅವರೇ, ಈಗ ಕೇಳ್ಬಾರ್ದು, ಆದ್ರೂ ಕೇಳ್ತಿದ್ದೀನಿ. ಶುಕ್ರವಾರ ಸಂಜೆ ಐದಕ್ಕೆ ರಿಸರ್ಚ್ ಪೇಪರ್ ಕಳಿಸ್ತಿದ್ದೀವಿ. ಯೋಗೀಶ್ ಹೆಸರೇ ಮೊದಲು. ಬೇರೆ ತಂಡದವರೂ ಇದೇ ನಕ್ಷತ್ರದ ಹಿಂದೆ ಬಿದ್ದಿದ್ದಾರೆ, ಸೋಮವಾರ ಅವರು ಹಾಕಿಬಿಟ್ರೆ ಮುಗೀತು. ಸೋನಾಲಿಯ ಲಾಗ್‌ಬುಕ್ ನಿಮ್ಮನೇಲಿದೆಯಂತೆ. ಯೋಗೀಶ್ ಕೇಳಿ ತಗೊಂಡು ಹೋಗಿದ್ರಂತೆ. ಶುಕ್ರವಾರದೊಳಗೆ ಯಾರ ಕೈಲಾದ್ರೂ ಕಳಿಸ್ತೀರಾ? ನಾನು ಈಗ ಪುಣೆಗೆ ಹೊರಟಿದ್ದೀನಿ."

"ಕಳಿಸುತ್ತೇನೆ," ಎಂದಳು.

ಪುಸ್ತಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಇತ್ತು. ಉದ್ದನೆಯ, ಗಟ್ಟಿ ರಟ್ಟಿನ ಲೆಡ್ಜರಿನಂಥ ಪುಸ್ತಕ. ಕಲ್ಯಾಣದ ಹುಡುಗಿ ಸೋನಾಲಿ ಯೋಗೀಶನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು. ದೂರದರ್ಶಕದ ಎದುರು ಕುಳಿತು ಅವಳು ಬರೆದ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಗಾಳಿ ಎಷ್ಟು, ಮೋಡ ಎಷ್ಟು, ಯಾವ ನಿಮಿಷಕ್ಕೆ ಬೆಳಕು ಹಿಡಿದದ್ದು. ನಡುವೆ ಒಂದು ಪುಟದಲ್ಲಿ ಇಪ್ಪತ್ತಾರು ಅಂಕಿಗಳ ಅಚ್ಚು ಹಾಳೆಯೊಂದನ್ನು ಅಂಟಿಸಿದ್ದಳು.

ಆ ಇಪ್ಪತ್ತಾರು ಅಂಕಿಗಳು ರಮಿತಾಳಿಗೆ ಗುರುತಿನವು. ಅವುಗಳನ್ನು ಕಂಪ್ಯೂಟರಿಗೆ ಹಾಕಿದ್ದೇ ಅವಳು.

ಡೆಂಗ್ಯೂವಿನ ಎರಡನೆಯ ದಿನ. ಯೋಗೀಶನಿಗೆ ಕಣ್ಣಿನ ಹಿಂದೆ ಸೂಜಿ ಚುಚ್ಚಿದಂಥ ನೋವು. ಪರದೆ ನೋಡಲಾರ. ಒದ್ದೆ ಬಟ್ಟೆಯನ್ನು ಕಣ್ಣ ಮೇಲೆ ಹಾಕಿಕೊಂಡು ಮಲಗಿ, "ಈ ಒಂದು ಲೆಕ್ಕ ಓಡಿಸಿಬಿಡು ಮಾರಾಯ್ತಿ, ಮತ್ತೆ ನಾನು ಸುಮ್ಮನೆ ಮಲಗುತ್ತೇನೆ," ಎಂದಿದ್ದ. ರಮಿತಾ ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವಳು, ಠಾಣೆಯ ವಿಮಾ ಕಚೇರಿಯಲ್ಲಿ ಕೆಲಸ. ಅಂಕಿ ಅವಳಿಗೆ ಹೊಸದಲ್ಲ. ಪುಸ್ತಕ ನೋಡಿ ಒಂದೊಂದಾಗಿ ಟೈಪ್ ಮಾಡಿದಳು. ಕೊನೆಗೆ ಪ್ರೋಗ್ರಾಂ ಒಂದು ಪ್ರಶ್ನೆ ಕೇಳಿತು.

"ಬಿಸಿ ಮುಖದ ತಿದ್ದುಪಡಿ ಸೇರಿಸಬೇಕಾ ಅಂತ ಕೇಳ್ತಾ ಉಂಟು. ಹಾಕಲಾ?"

"ಹಾಕು," ಎಂದ ಅವನು.

ಹಾಕಿದಳು. ತೂಕ ಬಂತು: ನಮ್ಮ ಸೂರ್ಯನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ, 2.45. ಜ್ವರದ ನಡುವೆಯೂ ಅವನು ಎದ್ದು ಕುಳಿತುಬಿಟ್ಟಿದ್ದ. ಆ ನಗು ಅವಳು ನೋಡಿದ ಅವನ ಕೊನೆಯ ನಗು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು.

ಅವನು ತೂಗುತ್ತಿದ್ದದ್ದು ಸತ್ತ ನಕ್ಷತ್ರವನ್ನು. ಉರಿದು ಮುಗಿದು, ಕುಸಿದು, ಠಾಣೆಗೂ ಅಂಬರನಾಥಕ್ಕೂ ನಡುವೆ ಹಿಡಿಸುವಷ್ಟು ಸಣ್ಣ ಉಂಡೆಯಾದದ್ದು. ಭಾರ ಮಾತ್ರ ಸೂರ್ಯನಿಗಿಂತ ಹೆಚ್ಚು. ಅದನ್ನು ತಕ್ಕಡಿಯಲ್ಲಿ ಇಡಲಾಗುವುದಿಲ್ಲ. ಆದರೆ ಇದಕ್ಕೊಂದು ಜೊತೆಗಾರ ನಕ್ಷತ್ರವಿತ್ತು. ಆರೂವರೆ ಗಂಟೆಗೊಮ್ಮೆ ಎರಡೂ ಒಂದನ್ನೊಂದು ಸುತ್ತುತ್ತಿದ್ದವು. ಜೊತೆಗಾರ ಎಷ್ಟು ವೇಗವಾಗಿ ಸುತ್ತುತ್ತದೋ, ಸತ್ತದ್ದು ಅಷ್ಟು ಭಾರ. ವೇಗ ಸ್ವಲ್ಪ ಏರಿದರೆ ತೂಕ ಬಹಳ ಏರುತ್ತದೆ. ತೊಡಕೊಂದೇ. ಸತ್ತ ನಕ್ಷತ್ರ ಕಾರುವ ಶಾಖದಿಂದ ಜೊತೆಗಾರನ ಒಂದು ಮುಖ ಕಾದು ಹೆಚ್ಚು ಹೊಳೆಯುತ್ತದೆ. ನಮಗೆ ಸಿಗುವುದು ಹೆಚ್ಚಾಗಿ ಆ ಬಿಸಿ ಮುಖದ ವೇಗ, ಅದು ಜೊತೆಗಾರನ ನಡುಭಾಗದ ವೇಗಕ್ಕಿಂತ ಕಡಿಮೆ. ಆದ್ದರಿಂದ ಪಟ್ಟಿಯ ಪ್ರತಿ ವೇಗದ ಅಂಕಿಗೂ ಇಷ್ಟಿಷ್ಟು ಸೇರಿಸಬೇಕು. ಅದೇ ಬಿಸಿ ಮುಖದ ತಿದ್ದುಪಡಿ.

ಕಳಿಸುವ ಮೊದಲು ರಮಿತಾ ಪುಸ್ತಕವನ್ನು ಒರೆಸಲು ಹೋದಳು. ಔಷಧಿಯ ಕಲೆಯೊಂದು ಆ ಪುಟದ ಅಂಚಿಗೆ ಹತ್ತಿತ್ತು. ಹಾಳೆ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸೋನಾಲಿಯ ಸಣ್ಣ ಅಕ್ಷರ, ಒಂದೇ ಸಾಲು: ಬಿಸಿ ಮುಖದ ತಿದ್ದುಪಡಿ ಈ ಅಂಕಿಗಳಲ್ಲಿ ಸೇರಿದೆ.

ಅವಳು ನಿಂತಲ್ಲೇ ಎರಡು ಸಲ ಓದಿದಳು. ಲ್ಯಾಪ್‌ಟಾಪ್ ತೆರೆದಳು. ಪ್ರೋಗ್ರಾಂ ಅದೇ ಪ್ರಶ್ನೆ ಕೇಳಿತು. ಈ ಸಲ ಬೇಡ ಎಂದಳು. ಎರಡು ನಿಮಿಷದ ಮೇಲೆ ತೂಕ ಬಂತು. 2.03.

ಭಾರದ್ದೇ. ಆದರೆ ಇಂಥವು ಆಗಲೇ ಇದ್ದವು. ಅದನ್ನು ತೂಗಿದವನ ಹೆಸರು ಯಾವ ದಿನಪತ್ರಿಕೆಯಲ್ಲೂ ಬರುವುದಿಲ್ಲ. ಶುಕ್ರವಾರ ಐದು ಗಂಟೆಯ ಮೇಲೆ ತಪ್ಪು ತೂಕ ಯೋಗೀಶನ ಹೆಸರಿನಲ್ಲಿ ಹೋಗುತ್ತದೆ. ಬೇರೆ ಯಾರೋ ಮತ್ತೆ ತೂಗುತ್ತಾರೆ, ತಪ್ಪು ಎನ್ನುತ್ತಾರೆ, ಉತ್ತರ ಕೊಡಲು ಅವನು ಇರುವುದಿಲ್ಲ. ಅಥವಾ ಯಾರಿಗೂ ಗೊತ್ತೇ ಆಗದೆಯೂ ಇರಬಹುದು. ಟೈಪ್ ಮಾಡಿದ್ದು ಅವಳೆಂದು ತಿಳಿದಿದ್ದವನು ಒಬ್ಬನೇ.

ಆದರೆ ಆ ಸಾಲು ಹಾಳೆಯ ಹಿಂಬದಿಯಲ್ಲಿತ್ತು. ಹಳೆಯ ಯಾವುದೋ ಪಟ್ಟಿಗೆ ಬರೆದದ್ದೂ ಆಗಿರಬಹುದು. ಅದೊಂದೇ ಆಸೆ ಅವಳಲ್ಲಿ ಉಳಿದಿತ್ತು. ಸೋನಾಲಿಗೆ ಫೋನ್ ಮಾಡಿದಳು.

ಮಧ್ಯಾಹ್ನ ಕಲ್ಯಾಣ ಸ್ಟೇಷನ್ನಿನ ಸ್ಕೈವಾಕಿನ ಕೆಳಗೆ, ಒಂದು ಜ್ಯೂಸ್ ಅಂಗಡಿಯಲ್ಲಿ ಇಬ್ಬರೂ ಕುಳಿತರು. ಸೋನಾಲಿಯ ತಾಯಿ ಚಂದವ್ವ ಕಲಬುರಗಿಯ ಕಡೆಯವರು. ಮಗಳು ಹುಟ್ಟಿದ್ದು ಇಲ್ಲೇ, ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತಿತ್ತು. ಯೋಗೀಶ ಅವಳಿಗೆ ದಾದಾ, ಅಂದರೆ ಅಣ್ಣ; ರಮಿತಾ ವಹಿನಿ, ಅತ್ತಿಗೆ. ರಮಿತಾ ಪುಟ ತಿರುಗಿಸಿ ಆ ಸಾಲು ತೋರಿಸಿದಳು.

"ಇದು ಯಾವ ಪಟ್ಟಿಗೆ ಬರೆದದ್ದು?"

ಸೋನಾಲಿ ಪುಸ್ತಕವನ್ನು ನೋಡಲೇ ಇಲ್ಲ. ಮೊಸಂಬಿ ರಸದ ಗ್ಲಾಸನ್ನು ತಿರುಗಿಸುತ್ತಾ ಕುಳಿತಳು.

"ಸಚ್ ಬೋಲೂಂ ಕ್ಯಾ ವಹಿನಿ? ಇದೇ ಪಟ್ಟಿ. ಅಂಟಿಸಿದ ಮ್ಯಾಲೆ ಮುಂದ ಜಾಗಾ ಇರಲಿಲ್ಲ, ಹಿಂದ ಬರದೆ."

"ನಿನಗೆ ಗೊತ್ತಿತ್ತು."

"ಡ್ರಾಫ್ಟ್ ಬಂದಾಗ ನೋಡಿದೆ. ದಸ್ ದಿನ್ ಹೋ ಗಯೇ. ಹೆಂಗ ಹೇಳ್ಲಿ? ನೀವು ಮನ್ಯಾಗ ದೀಪ ಹಚ್ಚಿ ಕುಂತಿದ್ರಿ. ದಾದಾನ ರೆಕಾರ್ಡ್ ಈ ಹುಡುಗಿ ಕಸಗೊಂಡ್ಳು ಅಂತಿದ್ರು ಎಲ್ಲಾರೂ." ಅವಳ ದನಿ ತೆಳ್ಳಗಾಯಿತು. "ದಾದಾ ಇಷ್ಟು ದೊಡ್ಡ ತಪ್ಪು ಮಾಡೂದಿಲ್ಲ. ಅದ ಸಮಝ್ ಆಗವಲ್ದು."

ಟೈಪ್ ಮಾಡಿದ್ದು ತಾನೆಂದು ರಮಿತಾ ಹೇಳಬೇಕಾದ ಜಾಗ ಅದೇ ಆಗಿತ್ತು. ಅವಳು ಪುಸ್ತಕ ಮುಚ್ಚಿದಳು.

"ವಹಿನಿ, ಒಂದ್ ಕಾಮ್ ಮಾಡೂಣು," ಎಂದಳು ಸೋನಾಲಿ, ಒಮ್ಮೆಲೇ ಮುಂದೆ ಬಾಗಿ. "ನಾನ ಸರ್‌ಗೆ ಹೇಳ್ತೀನಿ. ನನ್ನ ಪಟ್ಟಿನ ಗಲತ್ ಇತ್ತು ಅಂತ. ದಾದಾನ ಮ್ಯಾಲೆ ಏನೂ ಬರೂದಿಲ್ಲ."

"ನಿನ್ನ ಥೀಸಿಸ್?"

"ಆರು ತಿಂಗಳು ಲೇಟ್ ಆಗ್ತದ. ಹೋಗ್ಲಿ ಬಿಡ್ರಿ."

ಆ ಹುಡುಗಿ ಥೀಸಿಸ್ಸಿಗಾಗಿ ಎಷ್ಟು ರಾತ್ರಿ ಬೆಟ್ಟದ ಚಳಿಯಲ್ಲಿ ಕುಳಿತಿದ್ದಳು ಎಂಬುದು ಪುಸ್ತಕದ ಪ್ರತಿ ಪುಟದಲ್ಲಿ ಇತ್ತು. ಅವಳ ಪಟ್ಟಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ಅವಳ ಮಾತು ಕೇಳಿ ರಮಿತಾಳ ಎದೆಯೊಳಗೆ ಏನೋ ಹಗುರಾಯಿತು. ಹಗುರಾದದ್ದು ಗೊತ್ತಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಶುಕ್ರವಾರದವರೆಗೆ ಏನೂ ಹೇಳಬೇಡ," ಎಂದಷ್ಟೇ ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಗುರುವಾರ ಬೆಳಿಗ್ಗೆಯಿಂದ ಕಶ್ಯಪರಿಗೆ ಐದು ಸಲ ಫೋನ್ ಮಾಡಿದಳು. ಸ್ವಿಚ್ ಆಫ್. 'ಪೇಪರ್ ಕಳಿಸಬೇಡಿ, ಮಾತಾಡಬೇಕು' ಎಂದು ಸಂದೇಶ ಹಾಕಿದಳು. ಒಂದೇ ಗೀಟು ಬಿತ್ತು, ಮುಟ್ಟಲಿಲ್ಲ. ಮೂರು ಗಂಟೆಗೆ ಅವಳು ಮಾವನ ಹೋಟೆಲಿಗೆ ನಡೆದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ.

ಊಟದ ಹೊತ್ತು ಮುಗಿದು ಹೋಟೆಲು ತಣ್ಣಗಿತ್ತು. ಒಳಗೆ ಹಿರಿಯ ಅಡುಗೆಯವ ಯಂಕಪ್ಪ ಸಂಜೆಯ ಸಾಂಬಾರಿಗೆ ಬೇಳೆ ಕಡೆಯುತ್ತಿದ್ದ. ಗುರುವಪ್ಪ ಗಲ್ಲಾ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದರು.

"ಎಂತ ಮಗಾ, ಇಲ್ಲಿಯವರೆಗೆ ಬಂದದ್ದು? ಅತ್ತೆ ಬೈದಳಾ?"

"ಇಲ್ಲ ಮಾವ. ಆ ನಕ್ಷತ್ರದ ತೂಕ ತಪ್ಪಾಗಿದೆ."

ಅವರು ಅವಳ ಮುಖ ನೋಡಿದರು. ಅವಳು ಹೇಳಿದಳು. ನಕ್ಷತ್ರ, ಶಾಖ, ವೇಗ ಎಂದು ಆರಂಭಿಸಿ ಮಧ್ಯದಲ್ಲಿ ನಿಂತಳು. ಆಮೇಲೆ, "ಸೇರಿಸಬೇಕಾದ್ದನ್ನು ಒಬ್ಬರು ಸೇರಿಸಿದ್ದರು. ಅದು ಗೊತ್ತಿಲ್ಲದೆ ಇನ್ನೊಂದು ಸಲ ಸೇರಿಸಿದ್ದು," ಎಂದಳು.

"ಉಪ್ಪು ಎರಡು ಸಲ ಬಿದ್ದ ಹಾಗೆ," ಎಂದರು ಗುರುವಪ್ಪ.

"ಹೌದು."

"ಅದಕ್ಕೇ ಅಲ್ಲವಾ ನಮ್ಮಲ್ಲಿ ಸೌಟು ಕವುಚಿ ಇಡುವುದು. ನೋಡು ಅಲ್ಲಿ." ದೊಡ್ಡ ಪಾತ್ರೆಯ ಮುಚ್ಚಳದ ಮೇಲೆ ಒಂದು ಸೌಟು ಬೋರಲಾಗಿ ಮಲಗಿತ್ತು. "ಉಪ್ಪು ಹಾಕಿದವ ಸೌಟು ಕವುಚಬೇಕು. ಸೌಟು ನೋಡದೆ ಯಾರೂ ಉಪ್ಪಿಗೆ ಕೈ ಹಾಕಬಾರದು. ನಲವತ್ತು ವರ್ಷದ ಕಾನೂನು."

"ಕಾನೂನು ಮಾಡಿದಾವ್ರ ಒಮ್ಮೆ ಸೌಟು ನೋಡದ ಹಾಕಿದ್ರು," ಎಂದ ಯಂಕಪ್ಪ ಕಡೆಗೋಲು ನಿಲ್ಲಿಸದೆ. "ಗಣಪತಿ ಹಬ್ಬದಾಗ. ನೂರು ಮಂದಿ ಸಾರು, ಸಮುದ್ರದ ನೀರು ಆಗಿತ್ತು."

"ನೀನು ಬೇಳೆ ಕಡಿ ಮಾರಾಯ."

"ಕಡ್ಯಾಕ್ಹತ್ತೀನಲ್ರೀ. ಬಾಯಿಗೇನು ಕೆಲಸ ಅದ?"

ಗುರುವಪ್ಪ ನಗಲಿಲ್ಲ. ಕೈಯಲ್ಲಿದ್ದ ಒರಸು ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಹಾಗಾದರೆ ನಮ್ಮವ ಸೌಟು ನೋಡಲಿಲ್ಲ."

ರಮಿತಾ ಕವುಚಿದ ಸೌಟನ್ನು ನೋಡುತ್ತಾ ನಿಂತಳು.

"ಒಂದು ಮಾತು ಹೇಳ್ತೇನೆ ಮಗಾ. ಸತ್ತವನ ತಪ್ಪು ಊರಿಗೆಲ್ಲ ಹೇಳುವುದು ಬೇಡ. ಅವನ ಅಮ್ಮನಿಗೆ ಈಗ ಹಿಡಿದುಕೊಳ್ಳಲು ಇರುವುದು ಅದೊಂದೇ. ಆದಿತ್ಯವಾರದ ಸಭೆ ಒಂದು ಕಳೆಯಲಿ. ಅವನು ಓದಿದವ, ಜ್ವರದಲ್ಲಿ ಕೈ ತಪ್ಪಿತು, ಆಯಿತು. ದೊಡ್ಡವರು ಮುಂದೆ ಸರಿ ಮಾಡಿಕೊಳ್ಳುತ್ತಾರೆ."

ಅವರ ಕಣ್ಣು ತುಂಬಿತ್ತು. ಹೀಗೇ ಬಿಟ್ಟರೆ, ಮುಂದೆ ಯಾವತ್ತೂ ಇವರು ಹೋಟೆಲಿನಲ್ಲಿ ಕೂತು ಮಗನ ಕೈ ತಪ್ಪಿದ್ದನ್ನೇ ಯೋಚಿಸುತ್ತಾರೆ ಎನಿಸಿತು ಅವಳಿಗೆ. ಇನ್ನೊಂದು ಕಡೆ ಸೋನಾಲಿ ತನ್ನ ಪಟ್ಟಿಯೇ ಸುಳ್ಳೆಂದು ಹೇಳಲು ಸಿದ್ಧಳಾಗಿ ಕುಳಿತಿದ್ದಾಳೆ. ತಪ್ಪಿಗೆ ಇಬ್ಬರು ಒಡೆಯರು ಹುಟ್ಟಿಕೊಂಡಿದ್ದರು. ಇಬ್ಬರೂ ಮಾಡಿದವರಲ್ಲ.

"ಮಾವ, ಹಾಕಿದ್ದು ಅವರಲ್ಲ. ನಾನು."

"ಎಂತದು?"

"ಅವರ ಕಣ್ಣ ಮೇಲೆ ಒದ್ದೆ ಬಟ್ಟೆ ಇತ್ತು. ಪುಸ್ತಕ ನನ್ನ ಕೈಯಲ್ಲಿತ್ತು. ಪುಟ ತಿರುಗಿಸಿ ನೋಡಲಿಲ್ಲ. ಹಾಕಲಾ ಎಂದು ಕೇಳಿದೆ, ಹಾಕು ಎಂದರು."

ಯಂಕಪ್ಪನ ಕಡೆಗೋಲು ನಿಂತಿತು. ಗುರುವಪ್ಪ ಬಟ್ಟೆಯನ್ನು ಮತ್ತೊಮ್ಮೆ ಬಿಡಿಸಿದರು, ಮಡಚಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಕೊನೆಗೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

"ಇಲ್ಲಿ ಇನ್ನೊಂದು ಕಾನೂನು ಉಂಟು. ಎರಡನೇ ಸಲ ಹಾಕಿದವ ಬಡಿಸುವ ಮೊದಲು ಬಾಯಿ ಬಿಟ್ಟರೆ ನಾನು ಒಂದು ಮಾತೂ ಆಡುವುದಿಲ್ಲ. ಬೇಳೆ ಸೇರಿಸಿ ಸರಿ ಮಾಡಬಹುದು. ಬಡಿಸಿದ ಮೇಲೆ ಗೊತ್ತಾದರೆ ಅವನ ಟ್ರಂಕು ಹೊರಗೆ." ಅವರು ಎದ್ದು ನಿಂತರು. "ಬಡಿಸಿ ಆಯಿತಾ?"

"ಇಲ್ಲ. ನಾಳೆ ಐದಕ್ಕೆ."

"ಮತ್ತೆ ಇಲ್ಲಿ ಎಂತಕ್ಕೆ ನಿಂತಿದ್ದಿ?"

"ಅತ್ತೆಗೆ..."

"ಅವಳನ್ನು ನನಗೆ ಬಿಡು. ನಲವತ್ತು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ."

ಶುಕ್ರವಾರವೂ ಕಶ್ಯಪರ ಫೋನ್ ಹತ್ತಲಿಲ್ಲ. ಮಧ್ಯಾಹ್ನ ಸೋನಾಲಿ ಪಿಸುದನಿಯಲ್ಲಿ ಕರೆ ಮಾಡಿದಳು. ಸರ್ ಬುಧವಾರವೇ ಕೆಟ್ಟ ಫೋನನ್ನು ಪುಣೆಯ ಲಾಡ್ಜಿನಲ್ಲಿ ಮರೆತು ಬಂದಿದ್ದಾರೆ. ಒಂದು ಗಂಟೆಯಿಂದ, ಯಾರೂ ಬರಬಾರದೆಂದು ರೂಮಿನ ಬಾಗಿಲು ಹಾಕಿಕೊಂಡು ಪೇಪರ್ ನೋಡುತ್ತಿದ್ದಾರೆ. "ನಾ ಹೇಳಿದ್ರ ತಪ್ಪು ನನ್ನ ಪಟ್ಟಿ ಮ್ಯಾಲೆ ಹೋಗ್ತದ ವಹಿನಿ. ಹೇಳ್ಲಾ?"

"ಬೇಡ. ಬರುತ್ತಿದ್ದೇನೆ."

ಡೊಂಬಿವಲಿಯಿಂದ ಠಾಣೆಗೆ ಅರ್ಧ ಗಂಟೆಯ ದಾರಿ. ಮುಂಬ್ರಾ ದಾಟಿದ ಮೇಲೆ ಗಾಡಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಹೆಂಗಸರ ಬೋಗಿಯಲ್ಲಿ ಫ್ಯಾನುಗಳು ನಿಂತವು. ಯಾರೋ ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಇದ್ದಳು. ರಮಿತಾ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದಳು, ಇನ್ನೊಂದು ಕೈಯಲ್ಲಿ ಚೀಲ. ಮೂರೂ ಇಪ್ಪತ್ತು. ಮೂರೂ ಇಪ್ಪತ್ತೇಳು. ಸಿಗ್ನಲ್ ಕೆಟ್ಟಿದೆ ಎಂದಳೊಬ್ಬಳು. ಮುಂದೆ ಎಮ್ಮೆ ಬಂದಿದೆ ಎಂದಳು ಇನ್ನೊಬ್ಬಳು. "ಅಹೋ, ಎಮ್ಮೆಗೂ ಪಾಸ್ ಮಾಡಿಸಿಕೊಡಿ," ಎಂದು ಮೂರನೆಯವಳು ಸಿಡುಕಿದಳು. ಗಾಡಿ ಅಲುಗಿತು.

ಠಾಣೆಯಲ್ಲಿ ಪನ್ವೆಲ್ ಗಾಡಿ ಹೊರಡುವ ಪ್ಲಾಟ್‌ಫಾರ್ಮಿಗೆ ಅವಳು ಓಡಿದಳು. ಗಂಡ ಸತ್ತ ಮೇಲೆ ಅವಳು ಯಾವುದಕ್ಕೂ ಓಡಿರಲಿಲ್ಲ. ಮೂರೂ ಐವತ್ತರ ಗಾಡಿ ಸಿಕ್ಕಿತು. ಕೋಪರಖೈರಣೆ, ತುರ್ಭೆ, ಬೇಲಾಪುರ. ಖಾರ್ಘರ್‌ನಲ್ಲಿ ಇಳಿದಾಗ ನಾಲ್ಕೂ ಮುಕ್ಕಾಲಿಗೆ ಎರಡು ನಿಮಿಷ ಇತ್ತು. ರಿಕ್ಷಾದವನಿಗೆ "ಜಲ್ದಿ" ಎಂದಷ್ಟೇ ಹೇಳಿದಳು.

ಕಶ್ಯಪರ ರೂಮಿನ ಬಾಗಿಲು ತಟ್ಟಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅವರು ಕನ್ನಡಕ ತೆಗೆದು ಎದ್ದು ನಿಂತರು.

"ನೀವೇ ಯಾಕೆ ಬಂದ್ರಿ? ಯಾರ ಕೈಲಾದ್ರೂ..."

"ಕಳಿಸಬೇಡಿ ಸರ್. ತಿದ್ದುಪಡಿ ಎರಡು ಸಲ ಬಿದ್ದಿದೆ."

ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಪಟ್ಟಿ ತೋರಿಸಿದಳು, ಹಾಳೆ ತಿರುಗಿಸಿದಳು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಅವರ ಮುಖ ಮೊದಲು ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಸೋನಾಲಿಯತ್ತ ತಿರುಗಿದರು.

"ಇಂಥದ್ದನ್ನ ಹಿಂದಿನ ಪುಟದಲ್ಲಿ ಬರೀತಾರಾ? ಆರು ಜನ ಸಹಿ ಹಾಕಿದ್ದಾರೆ! ಯೋಗೀಶ್ ಹೇಗೆ..."

"ಅವಳು ಬರೆದಿದ್ದಾಳೆ. ಓದದೆ ಇದ್ದದ್ದು ನಾನು," ಎಂದಳು ರಮಿತಾ. "ಆ ದಿನ ಟೈಪ್ ಮಾಡಿದ್ದು ನಾನು. ಅವರಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಸೇರಿಸಲಾ ಎಂದು ಕೇಳಿದೆ. ಆಗಲೇ ಸೇರಿದೆಯಾ ಎಂದು ನಾನು ನೋಡಿ ಹೇಳಬೇಕಿತ್ತು. ಅವರು ಹಾಕು ಎಂದದ್ದು ನನ್ನನ್ನು ನಂಬಿ."

ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷ. ಕಶ್ಯಪರು ಕುಳಿತರು. ಪ್ರೋಗ್ರಾಂ ತೆರೆದರು. ಬೇಡ ಎಂದು ಉತ್ತರಿಸಿದರು. ಕಂಪ್ಯೂಟರ್ ಯೋಚಿಸುತ್ತಾ ಕುಳಿತಿತು. ಆಮೇಲೆ ಅಂಕಿ ಬಂತು, ಅವಳಿಗೆ ಗೊತ್ತಿದ್ದದ್ದೇ. 2.03.

ಅವರು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. "ಮುಗೀತು. ಸೋಮವಾರ ಆ ತಂಡದವರು ಹಾಕ್ತಾರೆ. ನಾವು ಎಲ್ಲ ಮೊದಲಿಂದ." ಕೈ ಇಳಿಸಿ ಅವಳತ್ತ ತಿರುಗಿದರು. "ಇದನ್ನ ಯಾರಿಗೂ ಹೇಳದೆ ಇರಬಹುದಿತ್ತು ನೀವು. ಅವರ ಹೆಸರು ನಿಲ್ಲುತ್ತಿತ್ತು."

"ಎಷ್ಟು ದಿನ?"

ಅವರು ಕಳಿಸಲು ತೆರೆದಿಟ್ಟಿದ್ದ ಪುಟವನ್ನು ಮುಚ್ಚಿದರು. ಸಹಿ ಹಾಕಿದ ಆರು ಜನರಿಗೆ ಪತ್ರ ಬರೆಯಲು ತೊಡಗಿದರು. ಬರೆಯುತ್ತಲೇ, ಹೊಸ ಡ್ರಾಫ್ಟಿನಲ್ಲೂ ಯೋಗೀಶನ ಹೆಸರೇ ಮೊದಲು ಇರುತ್ತದೆ ಎಂದರು. ರಮಿತಾ ಪುಸ್ತಕವನ್ನು ಎತ್ತಿಕೊಂಡು ಹೊರಗೆ ಬಂದಳು.

ಕಾರಿಡಾರಿನ ಕಿಟಕಿಯ ಬಳಿ ಸೋನಾಲಿ ಅಳುತ್ತಾ ನಿಂತಿದ್ದಳು. ರಮಿತಾ ಪುಸ್ತಕ ಚಾಚಿದಳು. ಅದನ್ನು ತೆಗೆದುಕೊಳ್ಳುವ ಬದಲು ಹುಡುಗಿ ಹಿಂದೆ ಸರಿದಳು.

"ಇಟ್ಕೊಳ್ರಿ ವಹಿನಿ. ಅದರಾಗ ದಾದಾನ ಅಕ್ಷರ ಅದ. ಮೋಡದ ಟಿಪ್ಪಣಿ ಪಕ್ಕ ಪೆನ್ಸಿಲ್‌ನಾಗ ಬರದಾನ. ನಾ ಫೋಟೋ ತಗೊಂಡು ಕೆಲಸ ಮಾಡ್ತೀನಿ."

ರಮಿತಾಳಿಗೆ ಅದು ಗೊತ್ತಿತ್ತು. ನಿನ್ನೆ ರಾತ್ರಿಯೆಲ್ಲ ಅವಳು ಓದಿದ್ದು ಆ ಪೆನ್ಸಿಲ್ ಸಾಲುಗಳನ್ನೇ. ಒಂದು ಕಡೆ ಅವನು 'ಇಲ್ಲಿ ಗಾಳಿ ಜಾಸ್ತಿ, ನಂಬಬೇಡ' ಎಂದು ಬರೆದಿದ್ದ. ಈಗ ಮೊದಲ ಸಲ ಅವಳ ಕಣ್ಣು ಒದ್ದೆಯಾಯಿತು. ಅವಳು ಎರಡೂ ಕೈಯಿಂದ ಪುಸ್ತಕವನ್ನು ಹುಡುಗಿಯ ಎದೆಗೆ ಒತ್ತಿದಳು, ಅವಳು ಹಿಡಿದುಕೊಳ್ಳುವವರೆಗೂ ಬಿಡಲಿಲ್ಲ.

"ನಿನ್ನದು. ಅವರು ಕೇಳಿ ತಂದದ್ದು," ಎಂದಳು.